ಛಲದ ಎರಡು ಮುಖಗಳು

ಬೆಳಗಾವಿಗೆ ಹೊಂದಿಕೊಂಡ ಶಹಾಪುರ 1948ರವರೆಗೆ ಸಾಂಗಲಿ ಸಂಸ್ಥಾನದ ಊರು. ಅದೇ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆಯಾದುದು ಉತ್ತರ ಕನ್ನಡದ ಭಾಗವತ ಮೇಳದ ಆಟವೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆದರೆ ಆ ಪೌರಾಣಿಕ ನಾಟಕಗಳಲ್ಲಿ ದುಷ್ಟ ಸಾಯುವನು, ಶಿಷ್ಟ ಗೆಲ್ಲುವನು. ಮಂಗಳ ಹಾಡಿದ ಮೇಲೆ ಪ್ರೇಕ್ಷಕ ನೆಮ್ಮದಿಯಿಂದ ಮನೆಗೆ ಹೋಗುವನು. ಬೆಳಗಾವಿಯಲ್ಲಿ ಓದಿದ ಗೋವಿಂದ ಬಲ್ಲಾಳ ದೇವಲರು 1890ರಲ್ಲಿ ‘ಒಥೆಲೋ’ವನ್ನು ‘ಝುಂಜಾರರಾವ್’ ಎಂದು ಮರಾಠಿಗೆ ತಂದಾಗ ಈ ನೆಮ್ಮದಿ ಕದಡಿತು. ಕೆಡುವವನು ದೊಡ್ಡವನೇ ಆದರೆ ಏನು ಮಾಡೋಣ?

ಕನ್ನಡದಲ್ಲಿ ಈ ಪ್ರಶ್ನೆಯನ್ನು ಗಾಢವಾಗಿ ಎದುರಿಸಿದವರು ಬಿ. ಎಂ. ಶ್ರೀಕಂಠಯ್ಯನವರು. ಅವರ ‘ಗದಾಯುದ್ಧ ನಾಟಕಂ’ 1926ರದು, ‘ಅಶ್ವತ್ಥಾಮನ್’ 1929ರದು. ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನ ನೆರೆದದ್ದೂ ಅದೇ ವರ್ಷ.

ಎರಡಕ್ಕೂ ಕುರುಕ್ಷೇತ್ರದ ಕೊನೆಯ ಘಳಿಗೆಯೇ ವಸ್ತು. ಎರಡರಲ್ಲೂ ನಾಯಕನನ್ನು ಕೆಡಿಸುವುದು ಛಲ. ಆದರೆ ಛಲದ ಫಲ ಬೇರೆ ಬೇರೆ.

ಮೊದಲ ನಾಟಕ ಮುಧೋಳ ಸೀಮೆಯ ಬಳೆಗಾರರ ಮನೆತನದ ರನ್ನನ ಕಾವ್ಯದಿಂದ ಎದ್ದುದು. ರನ್ನನಿಗೆ ಕಾವ್ಯನಾಯಕ ಭೀಮ. ನಾಟಕದ ಕೇಂದ್ರದಲ್ಲಿ ನಿಲ್ಲುವವನು ದುರ್ಯೋಧನ. ಅವನ ತಪ್ಪನ್ನು ಯಾರೂ ಮುಚ್ಚುವುದಿಲ್ಲ. ಸಂಧಿಯ ಮಾತು ಅವನ ಕಿವಿಗೆ ಹೋಗದು. ಆದರೂ ರನ್ನನ ದುರ್ಯೋಧನ ರಣರಂಗದಲ್ಲಿ ಅಭಿಮನ್ಯುವಿನ ಶವವನ್ನು ಕಂಡಾಗ, ಹಗೆಯ ಮಗನೆಂಬುದನ್ನು ಮರೆತು ಅವನ ಶೌರ್ಯಕ್ಕೆ ತಲೆಬಾಗುತ್ತಾನೆ. ರಾಜ್ಯ ಬಿಡದ ಛಲವೂ ಶತ್ರುವನ್ನು ಮೆಚ್ಚುವ ಔದಾರ್ಯವೂ ಒಂದೇ ಎದೆಯವು. ಒಂದನ್ನು ಕಿತ್ತರೆ ಇನ್ನೊಂದೂ ಉಳಿಯದು.

ಅಶ್ವತ್ಥಾಮನ ಸ್ಥಿತಿ ಹೆಚ್ಚು ಘೋರ. ಸ್ವಾಮಿಭಕ್ತಿ, ಪಿತೃಭಕ್ತಿಗಳಿಂದ ಹುಟ್ಟಿದ ಅವನ ಛಲ, ಮಹಾಭಾರತದಲ್ಲಿ ಮಲಗಿದ್ದ ದ್ರೌಪದಿಯ ಐವರು ಮಕ್ಕಳ ಕೊಲೆಯಲ್ಲಿ ಮುಗಿಯುತ್ತದೆ. ಶ್ರೀಯವರು ಈ ಕಥೆಗೆ ಗ್ರೀಕ್ ಕವಿ ಸಾಫೊಕ್ಲಿಸನ ‘ಏಜಾಕ್ಸ್’ ನಾಟಕದ ಚೌಕಟ್ಟನ್ನು ತೊಡಿಸಿದರು. ಅಲ್ಲಿ ಅಕಿಲೀಸನ ಆಯುಧಗಳು ತನಗೆ ದಕ್ಕದ ರೋಷದಿಂದ ವೀರನು ಮರುಳಾಗಿ ದನಕುರಿಗಳನ್ನು ಕಡಿಯುತ್ತಾನೆ; ಬುದ್ಧಿ ತಿಳಿಯಾದ ಮೇಲೆ ನಾಚಿಕೆ ತಾಳಲಾರದೆ ತನ್ನ ಕತ್ತಿಗೇ ಬೀಳುತ್ತಾನೆ. ಅವನಿಗೆ ಗೌರವದ ಶವಸಂಸ್ಕಾರವಾಗಲೆಂದು ವಾದಿಸುವವನು ಅವನ ಹಗೆಯಾದ ಒಡಿಸ್ಯೂಸನೇ. ಅಭಿಮನ್ಯುವಿನ ಮುಂದೆ ದುರ್ಯೋಧನ ತೋರಿದ ದೊಡ್ಡತನವೇ ಇದು.

ಚಿರಂಜೀವಿಯಾದ ಅಶ್ವತ್ಥಾಮನನ್ನು ನಾಟಕದಲ್ಲಿ ಸಾಯಿಸಬಹುದೇ ಎಂಬ ಆಕ್ಷೇಪಣೆ ಬಂದುದು ಸಹಜ. ಪುರಾಣದಲ್ಲಿ ಅವನಿಗೆ ಸಾವಿಲ್ಲ. ಮೂರು ಸಾವಿರ ವರ್ಷ ಅಲೆಯುವ ಶಾಪ ಮಾತ್ರ. ಆದರೆ ಶಾಪ ಹೊರಗಿನಿಂದ ಬರುವ ಶಿಕ್ಷೆ. ನಾಚಿಕೆ ಒಳಗಿನಿಂದ ಏಳುವ ತೀರ್ಪು. ತನ್ನ ಕೃತ್ಯವನ್ನು ತಾನೇ ನೋಡಿ ಬದುಕಲಾರದವನು ಮತ್ತೆ ಮನುಷ್ಯನಾಗುತ್ತಾನೆ. ಪುರಾಣವನ್ನು ಮುರಿದು ಶ್ರೀಯವರು ಗಳಿಸಿಕೊಟ್ಟದ್ದು ಇದನ್ನೇ.

ದುರ್ಯೋಧನ ಸೋಲುವಾಗಲೂ ತನ್ನನ್ನು ಕಳೆದುಕೊಳ್ಳಲಿಲ್ಲ. ಅಶ್ವತ್ಥಾಮ ತನ್ನನ್ನು ಕಳೆದುಕೊಂಡು, ಸಾಯುವಾಗ ಮರಳಿ ಪಡೆದ. ತಪ್ಪಿದವರೆಲ್ಲ ಕೆಟ್ಟವರೆಂಬ ಸುಲಭದ ತೀರ್ಪಿಗೆ ಈ ಇಬ್ಬರೂ ಸಿಕ್ಕುವುದಿಲ್ಲ. ತಪ್ಪನ್ನು ತಪ್ಪೆನ್ನುತ್ತಲೇ ಬಿದ್ದವನಿಗೆ ತಲೆಬಾಗುವುದನ್ನು ಈ ನಾಟಕಗಳು ಕಲಿಸುತ್ತವೆ. ಮಂಗಳ ಹಾಡಿ ಮುಗಿಸುವ ಆಟದಿಂದ ಆ ಪಾಠ ಸಿಗದು.