ಬೀಜದ ಒಗರು, ಹೃದಯದ ಆರೋಗ್ಯ: ದಶಕಗಳ ಶೋಧ

ಬೀಜವೆಂದರೆ ಮುಂದಿನ ಪೀಳಿಗೆಗೆ ಗಿಡ ಕಟ್ಟಿಕೊಟ್ಟ ಬುತ್ತಿ. ಆ ಬುತ್ತಿಯನ್ನು ಕೀಟ, ಬೂಷ್ಟು ಮತ್ತು ಗಾಳಿಯ ಆಮ್ಲಜನಕದಿಂದ ಕಾಯಲು ಗಿಡ ಬೀಜದ ಹೊರಪದರದಲ್ಲಿ ಪಾಲಿಫೀನಾಲ್‌ಗಳನ್ನು ತುಂಬಿಡುತ್ತದೆ. ಕಡಲೆಕಾಯಿ ಬೀಜದ ಕೆಂಪು ಸಿಪ್ಪೆಯನ್ನಷ್ಟೇ ಜಗಿದರೆ ನಾಲಿಗೆಗೆ ಹತ್ತುವ ಒಗರು ಅವುಗಳದೇ. ಬೀಜವನ್ನು ಕಾಯುವ ಈ ಪದಾರ್ಥ ಹೃದಯವನ್ನೂ ಕಾದೀತೇ ಎಂಬ ಪ್ರಶ್ನೆಯ ಬೆನ್ನು ಹತ್ತಿ ವಿಜ್ಞಾನ ಬಹುದೂರ ಬಂದಿದೆ.

ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1936ರಲ್ಲಿ, ನಿಂಬೆ ಜಾತಿಯ ಹಣ್ಣಿನ ಫ್ಲೇವನಾಯ್ಡ್‌ಗಳು (ಇವೂ ಪಾಲಿಫೀನಾಲ್‌ಗಳೇ) ಸೂಕ್ಷ್ಮ ರಕ್ತನಾಳಗಳನ್ನು ಬಲಪಡಿಸುತ್ತವೆಂದು ಹೇಳಿ, ಅವುಗಳನ್ನು 'ವಿಟಮಿನ್ ಪಿ' ಎಂದು ಕರೆದರು. ಅವು ವಿಟಮಿನ್ ಅಲ್ಲವೆಂದು ಮುಂದೆ ತಿಳಿಯಿತು. ಕುತೂಹಲ ಮಾತ್ರ ಉಳಿಯಿತು. 1940ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಜಾಕ್ ಮಾಸ್ಕೆಲಿಯೆ ಕಡಲೆಕಾಯಿ ಬೀಜದ ಸಿಪ್ಪೆಯಿಂದಲೇ ಪ್ರೊಆಂಥೊಸಯನಿಡಿನ್ ಎಂಬ ಪಾಲಿಫೀನಾಲ್‌ಗಳನ್ನು ಬೇರ್ಪಡಿಸಿದರು. ಆಮೇಲೆ ಅವರ ಗಮನ ವೈನ್ ತಯಾರಿಕೆಯಲ್ಲಿ ಉಳಿಯುವ ದ್ರಾಕ್ಷಿ ಬೀಜದತ್ತ ಹೊರಳಿತು.

ಹೃದ್ರೋಗದೊಂದಿಗೆ ನೇರ ನಂಟು ಕಂಡದ್ದು 1993ರಲ್ಲಿ. ನೆದರ್ಲೆಂಡ್ಸಿನ ಜುಟ್‌ಫೆನ್ ಪಟ್ಟಣದ 805 ವೃದ್ಧರ ಅಧ್ಯಯನದಲ್ಲಿ, ಹೆಚ್ಚು ಫ್ಲೇವನಾಯ್ಡ್ ಸೇವಿಸುತ್ತಿದ್ದವರು ಹೃದ್ರೋಗದಿಂದ ಸತ್ತದ್ದು ಕಡಿಮೆ. ಅವರಿಗೆ ಅದು ದೊರೆತದ್ದು ಮುಖ್ಯವಾಗಿ ಚಹಾ, ಈರುಳ್ಳಿ, ಸೇಬುಗಳಿಂದ. ಪಾಲಿಫೀನಾಲ್‌ಗಳು ಉತ್ಕರ್ಷಣ ನಿರೋಧಕಗಳು, ಕೆಟ್ಟ ಕೊಲೆಸ್ಟೆರಾಲ್ ಆಮ್ಲಜನಕದಿಂದ ಹಾಳಾಗದಂತೆ ತಡೆಯುತ್ತವೆ ಎಂಬುದೇ ಆಗಿನ ವಿವರಣೆ. ಪ್ರಯೋಗಾಲಯದ ನಳಿಕೆಯಲ್ಲಿ ಅದು ನಿಜವೂ ಹೌದು. ಆದರೆ ತಿಂದ ಪಾಲಿಫೀನಾಲ್‌ನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಅಷ್ಟರಿಂದ ಆ ಕೆಲಸ ಆಗದೆಂಬುದು ಕ್ರಮೇಣ ಸ್ಪಷ್ಟವಾಯಿತು.

ದಾರಿ ತಿರುಗಿದ್ದು ರಕ್ತನಾಳದ ಒಳಪದರದ ಕಡೆಗೆ. ಆ ಪದರ ಸ್ರವಿಸುವ ನೈಟ್ರಿಕ್ ಆಕ್ಸೈಡ್ ನಾಳಗಳನ್ನು ಸಡಿಲಿಸುತ್ತದೆಂಬ ಶೋಧಕ್ಕೆ 1998ರ ನೊಬೆಲ್ ಸಂದಿತು. ಅದೇ ಹೊತ್ತಿಗೆ ಅಮೆರಿಕದ ವೈದ್ಯ ನಾರ್ಮನ್ ಹಾಲೆನ್‌ಬರ್ಗ್, ಪನಾಮಾದ ದ್ವೀಪಗಳಲ್ಲಿ ವಾಸಿಸುವ ಕುನಾ ಜನರಿಗೆ ವಯಸ್ಸಾದರೂ ರಕ್ತದೊತ್ತಡ ಏರುವುದಿಲ್ಲ, ನಗರಕ್ಕೆ ವಲಸೆ ಬಂದವರಿಗೆ ಏರುತ್ತದೆ ಎಂಬುದನ್ನು ದಾಖಲಿಸಿದರು. ದ್ವೀಪದವರು ಕೋಕೋ ಬೀಜದ ಪಾನೀಯವನ್ನು ಧಾರಾಳವಾಗಿ ಕುಡಿಯುವವರು. ಕೋಕೋದಲ್ಲಿರುವ ಎಪಿಕೆಟೆಚಿನ್ ಎಂಬ ಫ್ಲೇವನಾಯ್ಡ್ ಮತ್ತು ನೈಟ್ರಿಕ್ ಆಕ್ಸೈಡಿನ ಸಂಬಂಧ ಮುಂದಿನ ಪ್ರಯೋಗಗಳಲ್ಲಿ ಗಟ್ಟಿಯಾಯಿತು.

ಇನ್ನೊಂದು ದಾರಿ ಕರುಳಿನದು. ಅಗಸೆ ಮತ್ತು ಎಳ್ಳಿನಲ್ಲಿರುವ ಲಿಗ್ನಾನ್ ಎಂಬ ಪಾಲಿಫೀನಾಲ್‌ಗಳನ್ನು ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಎಂಟೆರೊಲ್ಯಾಕ್ಟೋನ್ ಆಗಿ ಮಾರ್ಪಡಿಸುತ್ತವೆ. ರಕ್ತದಲ್ಲಿ ಅದು ಹೆಚ್ಚಿದ್ದವರಿಗೆ ಹೃದಯಾಘಾತದ ಅಪಾಯ ಕಡಿಮೆಯೆಂದು 1999ರ ಫಿನ್ಲೆಂಡ್ ಅಧ್ಯಯನ ತೋರಿಸಿತು. 2013ರಲ್ಲಿ ಕೆನಡಾದ ತಂಡವೊಂದು ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದ 110 ರೋಗಿಗಳ ಪ್ರಯೋಗದ ಫಲ ಪ್ರಕಟಿಸಿತು. ದಿನಕ್ಕೆ 30 ಗ್ರಾಂ ಅಗಸೆ ಪುಡಿ ತಿಂದವರ ಸಿಸ್ಟಾಲಿಕ್ (ಮೇಲಿನ) ರಕ್ತದೊತ್ತಡ, ಆರು ತಿಂಗಳ ಬಳಿಕ, ತಿನ್ನದವರಿಗಿಂತ ಸುಮಾರು 10 ಅಂಕ ಕಡಿಮೆಯಿತ್ತು. ಆದರೆ ಅಗಸೆಯಲ್ಲಿ ಒಮೆಗಾ-3 ಕೊಬ್ಬೂ ನಾರೂ ಇವೆ. ಯಶಸ್ಸೆಲ್ಲ ಪಾಲಿಫೀನಾಲ್‌ನದೇ ಎನ್ನಲಾಗದು.

ಈವರೆಗಿನ ಅತಿ ದೊಡ್ಡ ಪರೀಕ್ಷೆ ಅಮೆರಿಕದ ಕಾಸ್ಮೋಸ್. 21,442 ಹಿರಿಯರಲ್ಲಿ ಒಂದು ಗುಂಪಿಗೆ ದಿನಕ್ಕೆ 500 ಮಿ.ಗ್ರಾಂ ಕೋಕೋ ಫ್ಲೇವನಾಲ್ ಮಾತ್ರೆ, ಇನ್ನೊಂದಕ್ಕೆ ಹುಸಿಮಾತ್ರೆ. 2022ರ ಫಲಿತಾಂಶದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಒಟ್ಟಾರೆ ಶೇ 10ರಷ್ಟು ತಗ್ಗಿದಂತೆ ಕಂಡರೂ ಅದು ಆಕಸ್ಮಿಕವಲ್ಲವೆಂದು ಸಿದ್ಧವಾಗಲಿಲ್ಲ. ಹೃದ್ರೋಗದ ಸಾವು ಶೇ 27ರಷ್ಟು ಕಡಿಮೆಯಾದದ್ದು ಆಶಾದಾಯಕ. ಆದರೆ ಅದು ಪರೀಕ್ಷೆಯ ಮುಖ್ಯ ಗುರಿಯಾಗಿರಲಿಲ್ಲ.

ನಮ್ಮ ನೆಲದ ಕಾಳುಗಳಿಗೆ ಬಂದರೆ, ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ರಾಗಿಯ ಪಾಲಿಫೀನಾಲ್‌ಗಳ ಬಹುಭಾಗ ಕಾಳಿನ ಹೊರಪದರದಲ್ಲಿದೆಯೆಂದು ತೋರಿಸಿದ್ದಾರೆ. ರಾಗಿಯನ್ನು ಇಡಿಯಾಗಿ ಬೀಸುವ ನಮ್ಮ ರೂಢಿ ಅದನ್ನು ಉಳಿಸಿಕೊಂಡಿದೆ. ಹೃದಯದ ಮೇಲೆ ಅದರ ಪರಿಣಾಮವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುವ ಕೆಲಸ ಇಲ್ಲಿಯೇ ನಡೆಯಬೇಕು.

ಇಷ್ಟರಿಂದ ನಾವು ಹೇಳಬಹುದಾದದ್ದು ಇಷ್ಟು: ಸಿಪ್ಪೆಸಹಿತ ಬೀಜ ಊಟದಲ್ಲಿರಲಿ. ಅಗಸೆಯನ್ನು ಪುಡಿ ಮಾಡಿಯೇ ತಿನ್ನಿ. ಇಡೀ ಬೀಜ ಅರಗದೆ ಹೊರಹೋಗುತ್ತದೆ. ಚಟ್ನಿಪುಡಿ ಮಾಡುವುದಾದರೆ ಉಪ್ಪು ಹಿತಮಿತವಾಗಿರಲಿ. ಪಾಲಿಫೀನಾಲ್ ಕ್ಯಾಪ್ಸೂಲ್ ನಂಬಿ ವೈದ್ಯರು ಕೊಟ್ಟ ಬಿಪಿ ಮಾತ್ರೆಯನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ.