ಒಂದೇ ಸೂರು, ಎರಡು ಬೆಕ್ಕು

ಲಂಡನ್ನಿನ ಡೌನಿಂಗ್ ಸ್ಟ್ರೀಟ್ ಬ್ರಿಟನ್ನಿನ ಪ್ರಧಾನಿಯ ನಿವಾಸವಿರುವ ಬೀದಿ. ಅಲ್ಲಿನ ಹತ್ತನೇ ನಂಬರಿನ ಮನೆಗೆ 2011ರ ಫೆಬ್ರವರಿಯಲ್ಲಿ ಲ್ಯಾರಿ ಎಂಬ ಗಂಡು ಬೆಕ್ಕು ಬಂತು. ಬ್ಯಾಟರ್‌ಸಿಯ ಪ್ರಾಣಿ ಆಶ್ರಯಧಾಮದಿಂದ ತಂದ ಈ ಬೆಕ್ಕಿಗೆ ಒಪ್ಪಿಸಿದ ಕೆಲಸ ಇಲಿ ಹಿಡಿಯುವುದು. ಮರುವರ್ಷ ಪಕ್ಕದ ಹನ್ನೊಂದನೇ ನಂಬರಿಗೆ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಅವರ ಹೆಣ್ಣು ಬೆಕ್ಕು ಫ್ರೇಯಾ ಬಂತು. ಎರಡೂ ಮನೆಗಳಿಗೆ ಒಳಗಿನಿಂದಲೇ ದಾರಿ ಇದೆ. 2012ರ ಅಕ್ಟೋಬರಿನಲ್ಲಿ ಎರಡೂ ಬೆಕ್ಕುಗಳು ಬೀದಿಯಲ್ಲಿ ಕಿತ್ತಾಡಿದಾಗ ಕಾವಲಿನ ಪೊಲೀಸರೇ ಬಂದು ಬಿಡಿಸಬೇಕಾಯಿತು. 2014ರಲ್ಲಿ ಫ್ರೇಯಾ ಕೆಂಟ್ ಪ್ರಾಂತ್ಯಕ್ಕೆ ಹೊರಟುಹೋಯಿತು. 2016ರಲ್ಲಿ ಎದುರಿನ ವಿದೇಶಾಂಗ ಕಚೇರಿಗೆ ಪಾಮರ್‌ಸ್ಟನ್ ಎಂಬ ಮತ್ತೊಂದು ಬೆಕ್ಕು ನೇಮಕವಾದಾಗ ಜಗಳ ಮತ್ತೆ ಶುರುವಾಯಿತು. ರಾಜತಂತ್ರಕ್ಕೆ ಹೆಸರಾದ ಬೀದಿಯಲ್ಲೂ ಎರಡು ಬೆಕ್ಕುಗಳ ನಡುವೆ ಸಂಧಾನ ಸುಲಭವಾಗಲಿಲ್ಲ.

ಪತ್ರಿಕೆಗಳಿಗೆ ಇದು ತಮಾಷೆಯ ಸುದ್ದಿಯಾಗಿತ್ತು. ಆದರೆ ಸಾಕಿದ ಬೆಕ್ಕಿಗೆ ಜೊತೆಯಾಗಲೆಂದು ಇನ್ನೊಂದನ್ನು ತಂದ ಮನೆಯವರಿಗೆ ಇದು ತಮಾಷೆಯಲ್ಲ. ಹಳೆಯ ಬೆಕ್ಕು ಮಂಚದ ಕೆಳಗೆ ಸೇರಿ ಊಟ ಬಿಡುತ್ತದೆ. ಹೊಸದು ಮೈಯೆಲ್ಲ ಪರಚಿಸಿಕೊಳ್ಳುತ್ತದೆ. ಕೊನೆಗೆ ಎರಡರಲ್ಲಿ ಒಂದು ಮನೆ ಬಿಡಬೇಕಾಗುತ್ತದೆ. ನಾಯಿಗಳಲ್ಲಿ ಇಷ್ಟು ಬಿಗುವು ಕಾಣದ ಈ ಸಮಸ್ಯೆ ಬೆಕ್ಕಿಗೇ ಏಕೆ? ಉತ್ತರ ಬೆಕ್ಕಿನ ಇತಿಹಾಸದಲ್ಲಿದೆ.

ಒಂಟಿ ಬೇಟೆಗಾರನ ವಂಶ

ನಾಯಿಯ ಪೂರ್ವಜ ತೋಳ. ಅದು ಗುಂಪಿನಲ್ಲಿ ಬದುಕಿ, ಗುಂಪಿನಲ್ಲಿ ಬೇಟೆಯಾಡುವ ಪ್ರಾಣಿ. ಮನೆಬೆಕ್ಕಿನ ಪೂರ್ವಜ ಆಫ್ರಿಕನ್ ಕಾಡುಬೆಕ್ಕು ಎಂಬುದನ್ನು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿಕೊಟ್ಟಿತು. ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾಗಳ ಈ ಪ್ರಾಣಿ ಒಂಟಿಯಾಗಿ ಅಲೆಯುತ್ತದೆ. ಅದರ ಬೇಟೆ ಇಲಿ, ಹಕ್ಕಿಯಂತಹ ಸಣ್ಣ ಜೀವಿಗಳು. ಒಂದು ಇಲಿ ಒಂದೇ ಹೊಟ್ಟೆಗೆ ಸಾಕಾಗುವಷ್ಟು. ಅದನ್ನು ಹಂಚಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಆದ್ದರಿಂದ ತನ್ನ ಸೀಮೆಯನ್ನು ಕಾಯುವುದೇ ಅದಕ್ಕೆ ಬದುಕಿನ ಮೊದಲ ನಿಯಮವಾಯಿತು.

ಮನುಷ್ಯ ಬೇಸಾಯಕ್ಕೆ ತೊಡಗಿ ಧಾನ್ಯ ಕೂಡಿಟ್ಟಾಗ ಇಲಿಗಳು ಬಂದವು. ಇಲಿಗಳ ಬೆನ್ನಿಗೇ ಬೆಕ್ಕು ಬಂತು. ಸೈಪ್ರಸ್ ದ್ವೀಪದ ಶಿಲೂರೊಕಾಂಬೋಸ್ ಎಂಬಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದ್ದನ್ನು ಫ್ರೆಂಚ್ ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳಿರಲಿಲ್ಲ. ಯಾರೋ ದೋಣಿಯಲ್ಲಿ ತಂದಿರಲೇಬೇಕು. ಮುಂದೆ ಈಜಿಪ್ಟಿನಲ್ಲಿ ಬೆಕ್ಕು ಬಾಸ್ಟೆಟ್ ದೇವತೆಯ ರೂಪವಾಗಿ ಪೂಜೆಗೊಂಡಿತು. ಮನೆಯ ಬೆಕ್ಕು ಸತ್ತರೆ ಈಜಿಪ್ಟಿನವರು ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ.

ಇಷ್ಟೆಲ್ಲ ಗೌರವ ಪಡೆದರೂ ಬೆಕ್ಕಿನ ಸ್ವಭಾವವನ್ನು ತಿದ್ದುವ ಗೋಜಿಗೆ ಮನುಷ್ಯ ಹೋಗಲಿಲ್ಲ. ನಾಯಿಯನ್ನು ಕಾವಲಿಗೆ, ಕುರಿ ಕಾಯಲು, ಬೇಟೆಗೆ ಎಂದು ಬೇರೆ ಬೇರೆ ತಳಿಗಳಾಗಿ ರೂಪಿಸಿದ ಹಾಗೆ ಬೆಕ್ಕನ್ನು ರೂಪಿಸಬೇಕಾಗಿರಲಿಲ್ಲ. ಇಲಿ ಹಿಡಿಯುವ ಕೆಲಸ ಅದಕ್ಕೆ ಹುಟ್ಟಿನಿಂದಲೇ ಗೊತ್ತಿತ್ತು. ಹ್ಯಾರಿಸನ್ ವಿಯರ್ ಎಂಬ ಕಲಾವಿದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ಏರ್ಪಡಿಸಿ, ತಳಿಗಳ ಬಗ್ಗೆ ಜನರಲ್ಲಿ ಆಸಕ್ತಿ ಹುಟ್ಟಿಸಿದ್ದು 1871ರಷ್ಟು ಈಚೆಗೆ.

ಬಾಗಿಲು ಮುಚ್ಚಿದ ಮೇಲೆ

ಕಣಜ, ಅಟ್ಟ, ಕೊಟ್ಟಿಗೆ, ಹಿತ್ತಿಲುಗಳಿದ್ದ ಹಳೆಯ ಕಾಲದ ಮನೆಗಳಲ್ಲಿ ಬೆಕ್ಕನ್ನು ಯಾರೂ 'ಪರಿಚಯಿಸುತ್ತಿರಲಿಲ್ಲ'. ಅದು ತಾನಾಗಿ ಬರುತ್ತಿತ್ತು, ತಾನಾಗಿ ಹೋಗುತ್ತಿತ್ತು. ಇನ್ನೊಂದು ಬೆಕ್ಕು ಬಂದರೆ ಹಂಚಿನ ಮೇಲೆ ನಾಲ್ಕು ರಾತ್ರಿ ರಂಪವಾಗಿ, ಒಂದು ಅಟ್ಟಕ್ಕೂ ಇನ್ನೊಂದು ಕೊಟ್ಟಿಗೆಗೂ ಒಗ್ಗಿಕೊಂಡು ವ್ಯಾಜ್ಯ ಮುಗಿಯುತ್ತಿತ್ತು. ದೂರ ಸರಿಯಲು ಜಾಗವಿತ್ತು ಎಂಬುದೇ ಅದರ ಗುಟ್ಟು.

ಈ ಸ್ಥಿತಿ ಬದಲಾಗಲು ಒಂದು ಚಿಕ್ಕ ವಸ್ತುವೂ ಕಾರಣವಾಯಿತು. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಎಡ್ವರ್ಡ್ ಲೋ ಎಂಬಾತ, ಬೆಕ್ಕಿನ ಡಬ್ಬಿಗೆ ಹಾಕಲು ಮರಳು ಕೇಳಿಕೊಂಡು ಬಂದ ನೆರೆಯಾಕೆಗೆ ತೇವ ಹೀರುವ ಒಣ ಜೇಡಿಮಣ್ಣಿನ ಹರಳನ್ನು ಕೊಟ್ಟ. ಕಾರ್ಖಾನೆಗಳಲ್ಲಿ ಎಣ್ಣೆ ಒರೆಸಲು ಬಳಸುತ್ತಿದ್ದ ಆ ಮಣ್ಣು ವಾಸನೆಯನ್ನೂ ತಡೆಯಿತು. ಅದನ್ನೇ ಆತ 'ಕಿಟ್ಟಿ ಲಿಟರ್' ಎಂಬ ಹೆಸರಿನಲ್ಲಿ ಚೀಲಕ್ಕೆ ತುಂಬಿ ಮಾರಿದ. ಬೆಕ್ಕು ಹೊರಗೆ ಹೋಗಲೇಬೇಕಾದ ಅಗತ್ಯ ಇಲ್ಲವಾಯಿತು. ನಗರದ ಫ್ಲ್ಯಾಟುಗಳಲ್ಲಿ ಬೆಕ್ಕು ಇಡೀ ಬಾಳನ್ನು ಬಾಗಿಲೊಳಗೇ ಕಳೆಯುವುದು ಸಾಧ್ಯವಾಯಿತು. ಕಾಡಿನ ಒಂಟಿ ಬೇಟೆಗಾರನಿಗೆ ಎರಡು ಕೋಣೆಗಳೇ ಸೀಮೆಯಾದವು. ಅಲ್ಲಿಗೆ ಎರಡನೆಯ ಬೆಕ್ಕು ಬಂದರೆ ಸರಿಯುವುದಾದರೂ ಎಲ್ಲಿಗೆ?

ವಾಸನೆಯೇ ಗುರುತಿನ ಚೀಟಿ

ಹಾಗೆಂದು ಬೆಕ್ಕು ಸಂಗಾತಿಯನ್ನು ಒಲ್ಲದ ಪ್ರಾಣಿಯೇನಲ್ಲ. ಜರ್ಮನಿಯ ಪ್ರಾಣಿ ವರ್ತನಾ ವಿಜ್ಞಾನಿ ಪಾಲ್ ಲೇಹೌಸನ್ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬೆಕ್ಕುಗಳನ್ನು ದೀರ್ಘಕಾಲ ಗಮನಿಸಿದರು. ಬೆಕ್ಕುಗಳು ಒಂದೇ ದಾರಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸಿ ಎದುರಾಗುವುದನ್ನು ತಪ್ಪಿಸುತ್ತವೆ ಎಂದು ಅವರು ತೋರಿಸಿದರು. ಆಹಾರ ಹೇರಳವಾಗಿರುವ ಕೊಟ್ಟಿಗೆಗಳಲ್ಲಿ ತಾಯಿ, ಮಗಳು, ಅಕ್ಕತಂಗಿ ಬೆಕ್ಕುಗಳು ಕೂಡಿ ಬಾಳುವುದನ್ನೂ, ಒಂದರ ಮರಿಗೆ ಇನ್ನೊಂದು ಹಾಲೂಡುವುದನ್ನೂ ನಂತರದ ಸಂಶೋಧಕರು ದಾಖಲಿಸಿದ್ದಾರೆ. ಇಂತಹ ಗುಂಪಿನ ಬೆಕ್ಕುಗಳು ಕೆನ್ನೆಗೆ ಕೆನ್ನೆ, ಮೈಗೆ ಮೈ ಉಜ್ಜಿ ಎಲ್ಲರದೂ ಒಂದೇ ವಾಸನೆಯಾಗುವಂತೆ ಮಾಡಿಕೊಳ್ಳುತ್ತವೆ. ಆ ವಾಸನೆ ಇಲ್ಲದ್ದು ಪರಕೀಯ.

ಹೊಸ ಬೆಕ್ಕನ್ನು ಮನೆಗೆ ಸೇರಿಸುವ ಇಂದಿನ ಕ್ರಮ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಬಂದ ದಿನವೇ ಎರಡನ್ನೂ ಎದುರುಬದುರು ಬಿಟ್ಟು 'ತಾವೇ ಹೊಂದಿಕೊಳ್ಳಲಿ' ಎನ್ನುವುದು ದೊಡ್ಡ ತಪ್ಪು. ಹೊಸ ಬೆಕ್ಕಿಗೆ ಮೊದಲು ಒಂದು ಕೋಣೆ ಬೇರೆ ಬೇಕು. ಅದರಲ್ಲಿ ಊಟ, ನೀರು, ಮರಳಿನ ಟ್ರೇ, ಅಡಗಿ ಕೂರಲು ಒಂದು ರಟ್ಟಿನ ಪೆಟ್ಟಿಗೆ ಇರಬೇಕು. ಹೊಸದಕ್ಕೆ ರೋಗವೇನಾದರೂ ಇದ್ದರೆ ಹರಡುವ ಮೊದಲೇ ವೈದ್ಯರಿಗೆ ತೋರಿಸಲು ಈ ಅವಧಿ ಅನುಕೂಲ. ಆಮೇಲೆ ಒಂದರ ಕೆನ್ನೆ ಒರೆಸಿದ ಬಟ್ಟೆಯನ್ನು ಇನ್ನೊಂದರ ಬಳಿ ಇಡುವುದು. ಮುಖ ನೋಡುವ ಮೊದಲೇ ವಾಸನೆಯ ಪರಿಚಯ ಆಗಲಿ ಎಂಬುದು ಉದ್ದೇಶ.

ಮುಂದಿನ ಹಂತ ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಊಟದ ಬಟ್ಟಲು ಇಡುವುದು. ದಿನದಿನಕ್ಕೆ ಬಟ್ಟಲನ್ನು ಬಾಗಿಲಿನ ಸಮೀಪ ತರಬೇಕು. ಎರಡೂ ನಿಶ್ಚಿಂತೆಯಿಂದ ಉಂಡರೆ ಬಾಗಿಲನ್ನು ಕೊಂಚ ಸರಿಸಿ, ಇಲ್ಲವೇ ಜಾಲರಿಯ ಮೂಲಕ ಒಂದನ್ನೊಂದು ನೋಡಲು ಬಿಡಬೇಕು. ಕೊನೆಗೆ ಮನೆಯವರ ಕಣ್ಣೆದುರಿನಲ್ಲೇ, ಆಟವಾಡಿಸುತ್ತ, ಕೆಲವೇ ನಿಮಿಷಗಳ ಭೇಟಿ. ಇದಕ್ಕೆಲ್ಲ ಕೆಲವು ದಿನ ಸಾಕಾಗಬಹುದು, ತಿಂಗಳುಗಳೂ ಹಿಡಿಯಬಹುದು. ಬುಸುಗುಟ್ಟಿದ ಮಾತ್ರಕ್ಕೆ ಗಾಬರಿ ಬೇಡ. ಅದು 'ದೂರವಿರು' ಎಂಬ ಎಚ್ಚರಿಕೆಯಷ್ಟೇ. ಸದ್ದಿಲ್ಲದೆ ದಿಟ್ಟಿಸುವುದು, ಊಟದ ಬಟ್ಟಲಿಗೋ ಟ್ರೇಗೋ ಹೋಗದಂತೆ ದಾರಿಗೆ ಅಡ್ಡ ಕೂರುವುದು ಹೆಚ್ಚು ಅಪಾಯದ ಸೂಚನೆ. ಆಗ ಒಂದು ಹಂತ ಹಿಂದೆ ಸರಿಯುವುದೇ ಜಾಣತನ. ಜಗಳಕ್ಕೆ ಬಿದ್ದ ಬೆಕ್ಕುಗಳ ನಡುವೆ ಕೈ ಹಾಕದೆ ರಟ್ಟಿನ ಹಾಳೆಯನ್ನೋ ದಪ್ಪ ಹೊದಿಕೆಯನ್ನೋ ಅಡ್ಡ ಹಿಡಿಯಬೇಕು.

ಇಷ್ಟು ಮಾಡಿದರೂ ಎಲ್ಲ ಬೆಕ್ಕುಗಳೂ ಮೈಗೆ ಮೈ ತಾಗಿಸಿ ಮಲಗುವ ಗೆಳೆಯರಾಗುವುದಿಲ್ಲ. ಒಂದರ ಪಾಡಿಗೆ ಒಂದು ಇದ್ದರೆ ಅದೇ ಯಶಸ್ಸು. ಅದಕ್ಕಾಗಿ ಬಟ್ಟಲು, ನೀರು, ಮಲಗುವ ಜಾಗ ಪ್ರತ್ಯೇಕವಾಗಿರಬೇಕು. ಬೆಕ್ಕುಗಳು ಎರಡಾದರೆ ಮರಳಿನ ಟ್ರೇ ಮೂರಿರಬೇಕು ಎನ್ನುತ್ತಾರೆ ಪಶುವೈದ್ಯರು. ಗೋಡೆಗೆ ಹೊಡೆದ ಎತ್ತರದ ಹಲಗೆಯೊಂದು ಫ್ಲ್ಯಾಟಿನ ಬೆಕ್ಕಿಗೆ ಹಳೆಯ ಮನೆಯ ಅಟ್ಟದ ಕೆಲಸ ಮಾಡುತ್ತದೆ.

ಬೆಣ್ಣೆಗಾಗಿ ಜಗಳವಾಡಿದ ಎರಡು ಬೆಕ್ಕುಗಳು ಪಾಲು ಮಾಡಿಕೊಡೆಂದು ಕೋತಿಯ ಬಳಿ ಹೋಗಿ ಎಲ್ಲವನ್ನೂ ಕಳೆದುಕೊಂಡ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಕಥೆಯ ನೀತಿ ಬೆಕ್ಕುಗಳಿಗೆ ಹೇಳಿದ್ದು. ಬೆಕ್ಕು ಸಾಕುವವರಿಗೂ ಅದರಲ್ಲಿ ಒಂದು ಮಾತಿದೆ: ಮೊದಲೇ ಎರಡು ಬಟ್ಟಲು, ಎರಡು ಮೂಲೆಗಳಲ್ಲಿ ಇಟ್ಟಿದ್ದರೆ ತಕ್ಕಡಿಯೂ ಬೇಕಾಗುತ್ತಿರಲಿಲ್ಲ, ಕೋತಿಯೂ ಬೇಕಾಗುತ್ತಿರಲಿಲ್ಲ.