ಟ್ರಾವೆಲ್ ನರ್ಸಿಂಗ್ ಅನುಭವ ಅನಸ್ತೇಶಿಯಾ ಕೋರ್ಸಿಗೆ ಸಲ್ಲುವುದೇ?

ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯ ರೋಗಿಗೆ ಅರಿವಳಿಕೆ ನೀಡುವವರು ವೈದ್ಯರೇ ಆಗಿರಬೇಕೆಂದಿಲ್ಲ. ಅದಕ್ಕೆಂದೇ ಕಲಿತ ನರ್ಸ್‌ಗಳೂ ಆ ಕೆಲಸ ಮಾಡುತ್ತಾರೆ. ಇವರಿಗೆ ಸಿಆರ್‌ಎನ್‌ಎ ಎಂದು ಹೆಸರು. ಅಗಾಥಾ ಹಾಜಿನ್ಸ್ ಎಂಬವರ ಮುಂದಾಳತ್ವದಲ್ಲಿ ಇವರ ಸಂಘಟನೆ 1931ರಲ್ಲೇ ಆರಂಭವಾಗಿತ್ತು. ನಮ್ಮಲ್ಲಿ ಇದು ಅರಿವಳಿಕೆ ವೈದ್ಯರ ಕೆಲಸವಾದ್ದರಿಂದ ಈ ಹುದ್ದೆಯ ಪರಿಚಯ ಊರವರಿಗೆ ಕಡಿಮೆ.

ಈ ಕೋರ್ಸಿಗೆ ಸೇರಲು ನರ್ಸಿಂಗ್ ಪದವಿ, ಅಮೆರಿಕದ ಆರ್‌ಎನ್ ಲೈಸೆನ್ಸ್ ಹಾಗೂ ತೀವ್ರ ನಿಗಾ ಘಟಕದಲ್ಲಿ, ಅಂದರೆ ಐಸಿಯುವಿನಲ್ಲಿ, ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಅನುಭವ ಬೇಕು. ಗಡಿನಾಡಿನ ನರ್ಸ್‌ಗಳು ಮುಖ್ಯವಾಗಿ ಗಮನಿಸಬೇಕಾದ ಅಂಶ ಇಲ್ಲಿದೆ. ಈ ಒಂದು ವರ್ಷ ಅಮೆರಿಕದಲ್ಲಿ, ಅದರ ಅಧೀನ ಪ್ರದೇಶಗಳಲ್ಲಿ ಅಥವಾ ವಿದೇಶದಲ್ಲಿರುವ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ದುಡಿದದ್ದಾಗಿರಬೇಕು. ಮಂಗಳೂರಿನಲ್ಲೋ ದುಬಾಯಿಯಲ್ಲೋ ಹತ್ತು ವರ್ಷ ಐಸಿಯು ನೋಡಿಕೊಂಡವರೂ ಅಲ್ಲಿ ಹೋಗಿ ಮತ್ತೆ ಒಂದು ವರ್ಷ ತುಂಬಿಸಲೇಬೇಕು. ಏಜೆಂಟರು ಇದನ್ನು ಮೊದಲೇ ಹೇಳುವರೆಂದು ನಂಬಿ ಕೂರುವುದು ಬೇಡ.

ಇನ್ನು ಟ್ರಾವೆಲ್ ನರ್ಸಿಂಗ್. ಆಸ್ಪತ್ರೆಯ ಖಾಯಂ ನೌಕರಿ ಹಿಡಿಯದೆ, ಏಜೆನ್ಸಿ ಮುಖಾಂತರ ಸಾಮಾನ್ಯವಾಗಿ 13 ವಾರಗಳ ಕರಾರಿನಲ್ಲಿ ಊರಿಂದೂರಿಗೆ ಹೋಗಿ ದುಡಿಯುವುದು. 2020-21ರ ಕೋವಿಡ್ ಕಾಲದಲ್ಲಿ ಇದರ ಸಂಬಳ ಗಗನಕ್ಕೇರಿದ್ದರಿಂದ ಬಹಳ ಮಂದಿ ಇತ್ತ ವಾಲಿದರು. ನಿಯಮದ ಪ್ರಕಾರ ಟ್ರಾವೆಲ್ ನರ್ಸ್ ಆಗಿ ಐಸಿಯುವಿನಲ್ಲಿ ದುಡಿದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ತೊಡಕಿರುವುದು ಅನುಭವದ ಗುಣಮಟ್ಟದಲ್ಲಿ. ಹೊಸದಾಗಿ ಬಂದು ಮೂರು ತಿಂಗಳಲ್ಲಿ ಹೊರಡುವವರಿಗೆ ಹೃದಯ ಶಸ್ತ್ರಚಿಕಿತ್ಸೆ ಆದ ಕೂಡಲೇ ಬರುವ ರೋಗಿಯನ್ನು, ಎಕ್ಮೋ ಯಂತ್ರದಲ್ಲಿರುವವರನ್ನು ಒಪ್ಪಿಸುವುದು ಅಪರೂಪ. ಬೇರೆ ವಾರ್ಡಿನಲ್ಲಿ ಜನ ಕಡಿಮೆಯಾದರೆ ಮೊದಲು ಅಟ್ಟುವುದೂ ಹೆಚ್ಚಾಗಿ ಇವರನ್ನೇ. ಆದರೆ ಅನಸ್ತೇಶಿಯಾ ಶಾಲೆಗಳು ಕೇಳುವುದು ವೆಂಟಿಲೇಟರ್, ರಕ್ತದೊತ್ತಡ ಏರಿಸುವ ಔಷಧಿಗಳ ಡ್ರಿಪ್, ರಕ್ತನಾಳದೊಳಗಿನ ಮಾನಿಟರ್ ಇವುಗಳನ್ನೇ.

ಶಿಫಾರಸು ಪತ್ರದ ಕಥೆಯೂ ಹಾಗೆಯೇ. ಹದಿಮೂರು ವಾರ ಕಂಡ ಮೇಲ್ವಿಚಾರಕಿ ಏನೆಂದು ಬರೆದಾರು? ಚಾರ್ಜ್ ನರ್ಸ್ ಆಗುವ, ಹೊಸಬರಿಗೆ ಕಲಿಸುವ ಅವಕಾಶವೂ ಖಾಯಂ ನೌಕರರಿಗೇ ಹೆಚ್ಚು.

ಆದ್ದರಿಂದ ಮೊದಲು ಒಂದೇ ದೊಡ್ಡ ಆಸ್ಪತ್ರೆಯ ಐಸಿಯುವಿನಲ್ಲಿ ಎರಡು ವರ್ಷ ನೆಲೆನಿಂತು, ಪತ್ರ ಕೊಡುವವರನ್ನು ಸಂಪಾದಿಸಿಕೊಂಡು, ಆಮೇಲೆ ಟ್ರಾವೆಲ್‌ಗೆ ಹೊರಡುವುದು ಲೇಸು ಎಂಬುದು ಈ ಲೇಖಕನ ಅಭಿಪ್ರಾಯ. ಅನೇಕ ಶಾಲೆಗಳು ಬಯಸುವ ಸಿಸಿಆರ್‌ಎನ್ ಪರೀಕ್ಷೆಯನ್ನೂ ಆ ಅವಧಿಯಲ್ಲೇ ಮುಗಿಸಬಹುದು. ಅದಕ್ಕೆ ಎರಡು ವರ್ಷಗಳಲ್ಲಿ 1750 ಗಂಟೆ ತೀವ್ರ ರೋಗಿಗಳ ಶುಶ್ರೂಷೆ ಮಾಡಿರಬೇಕು, ಅದರಲ್ಲಿ 875 ಗಂಟೆ ಕೊನೆಯ ವರ್ಷದ್ದಾಗಿರಬೇಕು. ಹೀಗೆ ಬುನಾದಿ ಗಟ್ಟಿಯಾದ ಬಳಿಕ ನಾಲ್ಕಾರು ಆಸ್ಪತ್ರೆ ಕಂಡದ್ದು ಸಂದರ್ಶನದಲ್ಲಿ ಗುಣವಾಗಿಯೇ ಕಾಣುತ್ತದೆ.

ಟ್ರಾವೆಲ್‌ನ ಹಣಕ್ಕೂ ಉಪಯೋಗವಿದೆ. 2022ರಿಂದ ಈ ಕೋರ್ಸಿಗೆ ಸೇರುವವರೆಲ್ಲ ಡಾಕ್ಟರೇಟ್ ಹಂತದಲ್ಲೇ ಓದಬೇಕಾಗಿದ್ದು ಅವಧಿ ಕನಿಷ್ಠ 36 ತಿಂಗಳು. ಆಪರೇಷನ್ ಥಿಯೇಟರ್ ತರಬೇತಿಯೂ ಸೇರಿರುವುದರಿಂದ ಜೊತೆಗೆ ನೌಕರಿ ಮಾಡುವುದು ಬಹುತೇಕ ಅಸಾಧ್ಯ. ಮೂರು ವರ್ಷದ ಫೀಸು, ಬಾಡಿಗೆ, ಊರಿಗೆ ಕಳಿಸುವ ಹಣ ಎಲ್ಲವನ್ನೂ ಅರ್ಜಿ ಹಾಕುವ ಮುನ್ನವೇ ಲೆಕ್ಕ ಹಾಕಬೇಕಾಗುತ್ತದೆ.